ನನ್ನ ಮಗಳು ಅರುವನನ್ನು ಕರೆತಂದದ್ದು

ಮಕ್ಕಳನ್ನು ಹೊರಗೆ ಸಾಗಹಾಕುವುದಕ್ಕೆ ಪ್ರತಿ ಮನೆಯಲ್ಲೂ ಒಂದು ಮಾತು ಇರುತ್ತದೆ. ನಮ್ಮ ಮನೆಯಲ್ಲಿ ಅದು, "ಕೋಳಿ ಮೊಟ್ಟೆ ಇಟ್ಟಿದೆಯಾ ನೋಡಿಕೊಂಡು ಬಾ" ಎಂಬುದು. ದೊಡ್ಡವರು ಜಗಲಿಯಲ್ಲಿ ಹತ್ತಿರ ಹತ್ತಿರ ಕುಳಿತು ದನಿ ತಗ್ಗಿಸಿದರೆ ಸಾಕು, ನನ್ನ ಅವ್ವ ನನ್ನ ಕಡೆ ತಿರುಗಿ ಈ ಮಾತು ಹೇಳುತ್ತಿದ್ದಳು. ನಾನು ಹೋಗುತ್ತಿದ್ದೆ. ಇಡೀ ಕೊಡಗಿನಲ್ಲಿ ನಮ್ಮ ಕೋಳಿಗಳಷ್ಟು ತನಿಖೆಗೆ ಒಳಗಾದ ಕೋಳಿಗಳು ಬೇರೆ ಇರಲಾರವು. ನಾನು ಗೂಡಿನೊಳಗೆ ತಲೆ ಹಾಕಿದರೆ ಅವು ಎದ್ದು ನಿಂತು, ನೋಡಿಕೋ ಮಾರಾಯ ಎಂಬಂತೆ ಪಕ್ಕಕ್ಕೆ ಸರಿಯುತ್ತಿದ್ದವು. ನಾನು ವಾಪಸು ಬರುವಷ್ಟರಲ್ಲಿ ಜಗಲಿಯಲ್ಲಿ ತೀರ್ಮಾನ ಆಗಿಹೋಗಿರುತ್ತಿತ್ತು. ನನ್ನನ್ನು ಯಾವ ಶಾಲೆಗೆ ಹಾಕುವುದು, ನನ್ನ ತಲೆಗೂದಲನ್ನು ಎಷ್ಟು ಕತ್ತರಿಸುವುದು, ನಾನು ಹೆಸರಿಟ್ಟು ಸಾಕಿದ ಕರುವನ್ನು ಯಾವ ಮಾವನ ಮನೆಗೆ ಕೊಡುವುದು ಎಲ್ಲವೂ ನಿಶ್ಚಯವಾದದ್ದು ನಾನು ಗೂಡಿನ ಹತ್ತಿರ ಇದ್ದಾಗಲೇ. ನಾಚಿಕೆ ಬಿಟ್ಟು ಹೇಳಬೇಕೆಂದರೆ ನನ್ನ ಮದುವೆ ನಿಶ್ಚಯವಾದದ್ದೂ ಹಾಗೆಯೇ. ಎರಡು ಮೊಟ್ಟೆ ಹಿಡಿದುಕೊಂಡು ಒಳಗೆ ಬಂದೆ, ಹೆಣ್ಣು ಗೊತ್ತಾಗಿತ್ತು. ಆಗ ನನಗೆ ಇಪ್ಪತ್ತಮೂರು ವರ್ಷ.

ಇಂಥವನು ಮುಂದೆ ಜನರ ಅಹವಾಲು ಕೇಳುವ ಕೆಲಸಕ್ಕೆ ಸೇರಿದ್ದು ವಿಚಿತ್ರವೇ. ಚೆಟ್ಟಳ್ಳಿಯ ಮೇಲುಗಡೆ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಎಂದರೆ ಗುಮಾಸ್ತ. ಬೆಳಿಗ್ಗೆ ಮಸ್ಟರ್ ಕರೆದು ಆಳುಗಳ ಹೆಸರು ಕೂಗಿದ ಮೇಲೆ ಆಫೀಸಿನ ಜಗಲಿಯಲ್ಲಿ ನಿಂತು ಅವರ ಲೈನ್ ಮನೆಗಳ ದೂರು ಕೇಳುವುದು ನನ್ನ ಪಾಲಿನ ಕೆಲಸ. ಮಾಡು ಸೋರುತ್ತದೆ, ಕಂಬಳಿ ಸಿಕ್ಕಿಲ್ಲ, ಹಣ್ಣು ಪಿಕ್ಕಿಂಗಿಗೆ ಕೊಟ್ಟ ಬುಟ್ಟಿಗೆ ತಳವೇ ಇಲ್ಲ, ಪಕ್ಕದ ಮನೆಯವನ ನಾಯಿ ನನ್ನ ಕಡೆ ಮುಖ ಮಾಡಿಯೇ ಬೊಗಳುತ್ತದೆ. ತಮಿಳು, ಮಲಯಾಳ, ತುಳು, ಕನ್ನಡ ಯಾವ ಭಾಷೆಯಲ್ಲಿ ಹೇಳಿದರೂ ಗಲ್ಲದ ಮೇಲೆ ಕೈಯಿಟ್ಟು ಕೇಳುತ್ತಿದ್ದೆ. "ನಮ್ಮ ರೈಟರ್ ಕೇಳುವ ಹಾಗೆ ಯಾರೂ ಕೇಳುದಿಲ್ಲ" ಎಂದು ಲೈನಿನವರು ಹೇಳುವುದನ್ನು ಮರೆಯಲ್ಲಿ ನಿಂತು ಎರಡು ಸಲ ಕೇಳಿಸಿಕೊಂಡಿದ್ದೇನೆ. ನಮ್ಮ ದೊರೆಯೂ ಆ ಮಟ್ಟಿಗೆ ದೊಡ್ಡ ಮನುಷ್ಯ. ಸಂಜೆ ತಿರುಗಾಟಕ್ಕೆ ಹೊರಟಾಗ ಯಾವ ದಾರಿಯಲ್ಲಿ ಹೋಗೋಣ ಎಂದು ತನ್ನ ನಾಯಿಯನ್ನು ಕೇಳುತ್ತಿದ್ದ. ನಾಯಿ ಎತ್ತ ತಿರುಗಿತೋ ಆ ಕಡೆಯೇ ಅವನ ಸವಾರಿ. ನಾನು ಅದನ್ನು ಮನೆಯಲ್ಲಿ ಹೇಳಿ ನಗುತ್ತಿದ್ದೆ. ನನ್ನ ಮಗಳು ಪೂವಿ ಮಾತ್ರ ಒಂದು ದಿನ ನಗದೆ, "ನಾಯಿ ಹೇಳಿದ ಕಡೆಗೇ ಹೋಗ್ತಾರಾ?" ಎಂದು ಎರಡು ಸಲ ಕೇಳಿದಳು. ಹುಡುಗಿಗೆ ನಾಯಿಗಳ ಮೇಲೆ ಪ್ರೀತಿ ಎಂದುಕೊಂಡೆ. ಒಂಬತ್ತು ವರ್ಷದ ಮಗು ಏನು ಯೋಚಿಸುತ್ತಿದೆ ಎಂಬ ವಿಷಯದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಅದು ಮೊದಲನೆಯದಲ್ಲ, ಕೊನೆಯದೂ ಅಲ್ಲ.

ಮಕ್ಕಳನ್ನು ಕೇಳದೆ ತೀರ್ಮಾನ ಮಾಡಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ನನ್ನ ಕಾಲಿಗೇ ಗೊತ್ತು. ನಾನು ಹತ್ತು ವರ್ಷದವನಾಗಿದ್ದಾಗ ಅಪ್ಪ ಮರ್ಕೆರಾ ಪೇಟೆಗೆ ಹೋಗಿ ನನಗೆ ಬೂಟು ತಂದರು. ಬೂಟು ಅಂಗಡಿಯಲ್ಲಿತ್ತು, ಕಾಲು ಗೂಡಿನ ಹತ್ತಿರ ಮೊಟ್ಟೆ ಹುಡುಕುತ್ತಿತ್ತು. ಒಂದು ಕಡ್ಡಿಯನ್ನು ಅಳತೆಗೆ ಒಯ್ದಿದ್ದರಂತೆ; ದಾರಿಯಲ್ಲಿ ಹಲ್ಲುಕಡ್ಡಿ ಬೇಕಾಗಿ ತುದಿ ಮುರಿದುಕೊಂಡರಂತೆ. ಬೂಟು ಕಾಲಿಗೆ ಹತ್ತಲಿಲ್ಲ ಎಂದು ನಾನು ಅತ್ತರೆ, "ಹೊಸದು ಹಾಗೇ ಇರ್ತದೆ, ಸುಮ್ಮನಿರು" ಎಂದರು. ಎರಡು ವರ್ಷ ಬೆರಳು ಮಡಚಿಕೊಂಡು ನಡೆದೆ. ನನ್ನ ಮಕ್ಕಳನ್ನು ಕೇಳದೆ ಒಂದು ಕೆಲಸವನ್ನೂ ಮಾಡುವುದಿಲ್ಲ ಎಂದು ಆಗಲೇ ಶಪಥ ಮಾಡಿದ್ದೆ. ಶಪಥ ಮಾಡಿದ್ದು ನೆನಪಾದದ್ದು ಈ ಪ್ರಸಂಗವೆಲ್ಲ ಮುಗಿದ ಮೇಲೆ.

ವಿಷಯ ಇಷ್ಟೇ. ಮರ್ಕೆರಾದಲ್ಲಿರುವ ನನ್ನ ಅಕ್ಕ, ತನ್ನ ಮನೆಯ ಹತ್ತಿರವೇ ಹೆಣ್ಣುಮಕ್ಕಳ ಶಾಲೆ ಇದೆ, ಪೂವಿಯನ್ನು ಕಳಿಸು, ನಮ್ಮಲ್ಲೇ ಇದ್ದು ಕಲಿಯಲಿ ಎಂದು ಕಾಗದ ಬರೆದಳು. ಒಳ್ಳೆಯ ಮಾತು. ನಾವು ಜಗಲಿಯಲ್ಲಿ ಕುಳಿತು ಚರ್ಚೆ ಮಾಡಿದೆವು. ಅವ್ವ ಅಭಿಪ್ರಾಯ ಹೇಳಿದಳು, ನನ್ನ ಹೆಂಡತಿ ಹೇಳಿದಳು. ದೊರೆಯನ್ನು ಕೇಳಿದೆ, "ವೆರಿ ಗುಡ್, ರೈಟರ್" ಎಂದ. ಕುಟ್ಟದ ಕಡೆಯಿಂದ ಒಣಮೀನು ತರುವ ಮಾಪಿಳ್ಳೆ ವ್ಯಾಪಾರಿಯನ್ನೂ ಕೇಳಿದೆವು. ಹೆಣ್ಣುಮಕ್ಕಳು ಓದಿದರೆ ಒಳ್ಳೆಯದೇ ಎಂದು ಹೇಳಿ ಅವನು ಎರಡು ಮೀನು ಹೆಚ್ಚಿಗೆ ಮಾರಿಹೋದ. ಆ ಹದಿನೈದು ದಿನ ಪೂವಿ ಎಷ್ಟು ಸಲ ಕೋಳಿಗೂಡಿಗೆ ಹೋಗಿಬಂದಳೋ ಲೆಕ್ಕವಿಲ್ಲ. ಕೊನೆಗೆ ನಾನು ಪೇಟೆಗೆ ಹೋಗಿ ಅವಳಿಗೆಂದು ಒಂದು ತಗಡಿನ ಪೆಟ್ಟಿಗೆ ತಂದೆ. ಹಸಿರು ಬಣ್ಣ, ಮುಚ್ಚಳದ ಮೇಲೆ ಗುಲಾಬಿ ಹೂವು, ಗಟ್ಟಿಯಾದ ಬೀಗ. ಮಗಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಪೆಟ್ಟಿಗೆಯನ್ನು ನೋಡಿದಳು, ಅದರ ಬೀಗ ನೋಡಿದಳು, ಎದ್ದು ಅಡುಗೆಮನೆಯ ಹಿಂದೆ ಹೋಗಿ ತನ್ನ ಕರಿಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಅಂದಿನಿಂದ ಅವಳಿಗೆ ಊಟ ಸೇರದು. ಅಕ್ಕಿ ರೊಟ್ಟಿ ಮುರಿಯುವುದು, ಕೋಳಿಗೆ ಹಾಕುವುದು. ಮಾತಾಡಿಸಿದರೆ ಕಣ್ಣಲ್ಲಿ ನೀರು. ಶಾಲೆಯ ಹೆದರಿಕೆ ಎಂದು ನಾವು ತೀರ್ಮಾನಿಸಿದೆವು. ತೀರ್ಮಾನಿಸುವುದಕ್ಕೆ ನಮ್ಮ ಮನೆಯಲ್ಲಿ ಯಾವತ್ತೂ ಬರಗಾಲವಿಲ್ಲ. ಒಂದು ಶನಿವಾರ ಸಂಜೆ ನಾನು ಸ್ನಾನಕ್ಕೆ ಹೊರಟಿದ್ದೆ. ಅವಳು ಬಾಗಿಲಿಗೆ ಅಡ್ಡ ನಿಂತು, "ಅಪ್ಪಾ, ನನ್ನದೊಂದು ಮಾತುಂಟು, ಕೇಳು" ಎಂದಳು. ಬಿಸಿನೀರು ಆರುತ್ತಿತ್ತು. ನನಗೂ ಆ ಹೊತ್ತಿಗೆ ತಮಾಷೆ ಹೊಳೆಯಿತು. "ಹೆಣ್ಣುಮಕ್ಕಳು ತಮ್ಮ ಮಾತು ತಾವೇ ಆಡುವುದುಂಟಾ? ಹೋದ ವರ್ಷ ನಿನ್ನ ಬೊಳ್ಳವ್ವ ಅತ್ತೆಯ ಮದುವೆಯಲ್ಲಿ ಅವಳು ಬಾಯಿ ಬಿಟ್ಟಳಾ? ಅವಳ ಕಡೆಯಿಂದ ಅರುವರು ಮಾತಾಡಿದ್ದಲ್ಲವಾ? ನೀನೂ ಹೋಗಿ ನಿನ್ನ ಅರುವನನ್ನು ಕರೆದುಕೊಂಡು ಬಾ, ಆಮೇಲೆ ಕೇಳ್ತೇನೆ" ಎಂದು ಹೇಳಿ, ನನ್ನ ಮಾತಿಗೆ ನಾನೇ ನಕ್ಕು ಬಚ್ಚಲಿಗೆ ಹೋದೆ.

ನಮ್ಮ ಕೊಡವರ ಈ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಪ್ರತಿ ಮನೆತನಕ್ಕೂ ಬೇರೆ ಮನೆತನದ ಹಿರಿಯರೊಬ್ಬರು ಅರುವರಾಗಿರುತ್ತಾರೆ. ನಮ್ಮ ಮನೆಯ ಹಿಂದುಮುಂದೆಲ್ಲ ಬಲ್ಲವರು ಅವರು. ಮದುವೆಯಲ್ಲಿ ಹೆಣ್ಣೂ ಮಾತಾಡುವುದಿಲ್ಲ, ಗಂಡೂ ಮಾತಾಡುವುದಿಲ್ಲ; ಎರಡೂ ಕಡೆಯ ಅರುವರು ದೀಪದ ಮುಂದೆ ಎದುರುಬದುರು ನಿಂತು, ಈ ಹೆಣ್ಣಿಗೆ ನಿಮ್ಮ ಮನೆಯಲ್ಲಿ, ಒಲೆಯಲ್ಲಿ, ಹಟ್ಟಿಯಲ್ಲಿ, ಗದ್ದೆಯಲ್ಲಿ ಹಕ್ಕು ಕೊಡುತ್ತೀರಾ ಎಂದು ಒಬ್ಬರು ಕೇಳುತ್ತಾರೆ, ಕೊಟ್ಟೆವು ಎಂದು ಇನ್ನೊಬ್ಬರು ಹೇಳುತ್ತಾರೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ಅರುವರು ಗದ್ದೆಯಾಚೆಯ ಚೆಂಗಪ್ಪಜ್ಜ. ಎಪ್ಪತ್ತು ದಾಟಿದ ಮುದುಕರು. ಮಾತು ಕಡಿಮೆ. ಕಣ್ಣು ಮಂಜಾಗಿದ್ದರಿಂದ ಪಲ್ಟನ್ನಿನಲ್ಲಿ ಸಿಪಾಯಿಯಾಗಿದ್ದ ಮಗನ ಕಾಗದಗಳನ್ನು ಪೂವಿಯಿಂದಲೇ ಓದಿಸಿಕೊಳ್ಳುತ್ತಿದ್ದರು. ಅವಳನ್ನು ಕುಂಞಿ, ಅಂದರೆ ಮಗು, ಎಂದೇ ಕರೆಯುತ್ತಿದ್ದರು. ಅಷ್ಟು ಸ್ನೇಹ ಅವರಿಬ್ಬರಿಗೂ ಇತ್ತು ಎಂಬುದನ್ನು ನಾನು ಗಮನಕ್ಕೆ ತೆಗೆದುಕೊಂಡಿರಲಿಲ್ಲ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ನಾನು ಜಗಲಿಯಲ್ಲಿ ಕುಳಿತು ಅಕ್ಕಿಯ ಉಂಡೆ ಕಡಂಬುಟ್ಟನ್ನು ಹಂದಿ ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದೆ. ಗದ್ದೆಯ ಬದುವಿನ ಮೇಲೆ ಕಪ್ಪಗೆ ಏನೋ ಬರುವುದು ಕಾಣಿಸಿತು. ಮೊಣಕಾಲಿನವರೆಗಿನ ಕರಿಯ ನಿಲುವಂಗಿ ಕುಪ್ಯ, ಸೊಂಟಕ್ಕೆ ಸುತ್ತಿದ ಕೆಂಪು ಚೇಲೆ, ಚೇಲೆಯಲ್ಲಿ ಬೆಳ್ಳಿ ಹಿಡಿಯ ಪೀಚೆಕತ್ತಿ, ತಲೆಗೆ ರುಮಾಲು. ಮದುವೆಗೆ ಹೊರಟ ಹಾಗೆ ಪೂರ್ತಿ ಉಡುಪಿನಲ್ಲಿ ಚೆಂಗಪ್ಪಜ್ಜ ಬರುತ್ತಿದ್ದರು. ಮುಂದೆ ಮುಂದೆ ಪೂವಿ. ಹಿಂದೆ ಏಳೆಂಟು ಜನ. ಇವತ್ತು ಮದುವೆಯಿಲ್ಲ, ಹಬ್ಬವಿಲ್ಲ, ಈ ಅಜ್ಜ ಕುಪ್ಯ ಹಾಕಿಕೊಂಡು ರೈಟರ್ ಮನೆಗೆ ಹೊರಟಿದ್ದಾರೆ ಎಂದರೆ ಏನೋ ಆಗಿರಬೇಕು ಎಂದು ಊರಿನವರು ಬೆನ್ನುಹತ್ತಿದ್ದರು. ಅವರಲ್ಲಿ ಒಬ್ಬ, ನಾನು ಕಡಂಬುಟ್ಟು ತಿನ್ನುವುದನ್ನು ಕಣ್ಣಾರೆ ನೋಡಿದ ಮೇಲೂ, "ರೈಟರ್ ಹೇಗಿದ್ದಾರೆ?" ಎಂದು ಮೆಲ್ಲಗೆ ವಿಚಾರಿಸಿದ.

ಕುಪ್ಯ ತೊಟ್ಟು ಬಂದ ಅರುವರನ್ನು, ಬನ್ನಿ ಅಜ್ಜ ಕಾಫಿ ಕುಡಿಯಿರಿ ಎಂದು ಜಗಲಿಯಲ್ಲಿ ಕೂರಿಸಿ ಕಳಿಸುವಂತಿಲ್ಲ. ಅವ್ವ ಓಡಿಹೋಗಿ ನಡುಮನೆಯಲ್ಲಿ ಚಾಪೆ ಹಾಸಿದಳು, ತೂಗುದೀಪ ಹಚ್ಚಿದಳು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟಳು. ನಾನು ಕೈ ತೊಳೆಯಲೂ ಬಿಡುವಿಲ್ಲದೆ ದೀಪದ ಮುಂದೆ ಹೋಗಿ ನಿಂತೆ.

"ಎಂತ ಅಜ್ಜ ಇದು? ಮಗುವಿನ ಜೊತೆ ನೀವೂ ಆಟಕ್ಕೆ ನಿಂತಿರಾ?" ಎಂದೆ.

"ಅರುವನನ್ನು ಕರೆದುಕೊಂಡು ಬಾ ಅಂತ ಹೇಳಿದ್ದು ಯಾರು ಮಾದಪ್ಪ?"

"ನಾನೇ. ತಮಾಷೆಗೆ ಹೇಳಿದ್ದು."

"ಕುಂಞಿ ತಮಾಷೆಗೆ ಬರಲಿಲ್ಲ. ನಾನೂ ತಮಾಷೆಗೆ ಈ ಕುಪ್ಯ ಹಾಕುವವನಲ್ಲ, ಇದರ ಚೇಲೆ ಸುತ್ತಲಿಕ್ಕೇ ನನಗೆ ಅರ್ಧ ಗಂಟೆ ಬೇಕು. ಎಲ್ಲಿ, ನಿನ್ನ ಕಡೆಯ ಅರುವ ಯಾರು?"

"ನೀವೇ ಅಲ್ಲವಾ ನಮ್ಮ ಅರುವ?"

"ಇವತ್ತು ಅಲ್ಲ. ಇವತ್ತು ನಾನು ಪೂವವ್ವನ ಕಡೆ. ನೀನೇ ಮಾತಾಡು. ಎಸ್ಟೇಟಿನಲ್ಲಿ ಮಾತಾಡ್ತೀಯಲ್ಲ."

ಇಡೀ ಊರಿನ ಮುಂದೆ, ಬೆರಳಿಗೆಲ್ಲ ಹಂದಿ ಸಾರು ಅಂಟಿಸಿಕೊಂಡು, ನನ್ನ ಕಡೆಯವರು ಯಾರೂ ಇಲ್ಲದೆ ನಿಂತೆ. ಹೆಂಡತಿ ಇದ್ದಾಳಲ್ಲ ಎಂದು ಪಕ್ಕಕ್ಕೆ ನೋಡಿದರೆ ಅವಳು ಯಾವಾಗಲೋ ಮಗಳ ಹಿಂದೆ ಹೋಗಿ ನಿಂತಿದ್ದಳು. ಬಿಡುವ ಹಾಗಿರಲಿಲ್ಲ. ಮಗಳಿಗಾಗಿ ಸಿದ್ಧಮಾಡಿಟ್ಟುಕೊಂಡಿದ್ದ ಭಾಷಣವನ್ನು ತೆಗೆದೆ. ವಿದ್ಯೆಯ ಮಹತ್ವ, ಕಾಲ ಬದಲಾಗಿರುವ ಪರಿ, ದೊರೆಗಳ ಹೆಣ್ಣುಮಕ್ಕಳು ಕುದುರೆಯ ಮೇಲೆ ಕುಳಿತು ಪುಸ್ತಕ ಓದುವುದು, ಓದಿಲ್ಲದವರು ಪಡುವ ಪಾಡು, ಹೆಬ್ಬೆಟ್ಟು ಒತ್ತಿ ಒತ್ತಿ ಸವೆದ ಬೆರಳುಗಳು. ನಡುನಡುವೆ ಇಂಗ್ಲಿಷನ್ನೂ ಸೇರಿಸಿದೆ. ನಿಜಕ್ಕೂ ಚೆನ್ನಾಗಿ ಬಂತು. ಬಾಗಿಲಲ್ಲಿ ನಿಂತಿದ್ದವರಲ್ಲಿ ಇಬ್ಬರು ತಲೆದೂಗಿದರು.

"ಮುಗೀತಾ?" ಎಂದರು ಚೆಂಗಪ್ಪಜ್ಜ.

"ಮುಗೀತು."

"ಒಳ್ಳೇದಾಯ್ತು. ಈಗ ಹೇಳು, ಶಾಲೆಗೆ ಹೋಗುದಿಲ್ಲ ಅಂತ ಕುಂಞಿ ಯಾವಾಗ ಹೇಳಿತು?"

ನಾನು ಯೋಚಿಸಿದೆ. ಹೇಳಿರಲಿಲ್ಲ. ಅವ್ವನ ಮುಖ ನೋಡಿದೆ. ಅವಳು ಹೆಂಡತಿಯ ಮುಖ ನೋಡಿದಳು. ಯಾರಿಗೂ ಹೇಳಿರಲಿಲ್ಲ.

"ಅವಳಿಗೆ ಶಾಲೆಗೆ ಹೋಗ್ಲಿಕ್ಕೆ ಇಷ್ಟ ಉಂಟು. ಮರ್ಕೆರಾ ಕೋಟೆಯ ಕಲ್ಲಾನೆ ನೋಡ್ಲಿಕ್ಕೂ ಇಷ್ಟ ಉಂಟು. ಅವಳು ಕೇಳುದು ಬೇರೆ. ನಾನು ಅವಳ ಪರವಾಗಿ ಕೇಳ್ತೇನೆ, ನೀನು ದೀಪ ನೋಡಿಕೊಂಡು ಉತ್ತರ ಹೇಳು." ಅಜ್ಜ ಗಂಟಲು ಸರಿಮಾಡಿಕೊಂಡು, ಮದುವೆಯಲ್ಲಿ ಕೇಳುವ ಅದೇ ದನಿಯಲ್ಲಿ ಶುರುಮಾಡಿದರು. "ಬೊಳ್ಳವ್ವ ಪೆಟ್ಟಿಗೆ ತಗೊಂಡು ಈ ಮನೆಯಿಂದ ಹೋದಳು. ಇವಳಿಗೂ ಪೆಟ್ಟಿಗೆ ಬಂದಿದೆ. ಪೆಟ್ಟಿಗೆ ಹೋದ ಮೇಲೆ ನಿನ್ನ ಅವ್ವನ ಮಗ್ಗುಲಲ್ಲಿ ಗೋಡೆಯ ಹತ್ತಿರ ಇವಳು ಮಲಗುವ ಜಾಗ ಯಾರದು? ಪುತ್ತರಿ ಹಬ್ಬದ ದಿನ ಹೊಸ ಭತ್ತದ ಕದಿರು ತರುವಾಗ ಈ ಮನೆಯವರ ಲೆಕ್ಕದಲ್ಲಿ ಇವಳು ಇದ್ದಾಳಾ, ಇಲ್ಲವಾ? ಇವಳು ವಾಪಸು ಬಂದರೆ ಬಾಗಿಲು ತೆಗೆಯುವವರು, ಬಾ ಅಂತಾರಾ, ಯಾಕೆ ಬಂದೆ ಅಂತಾರಾ?"

ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಹೋದ ವರ್ಷ ನನ್ನ ತಂಗಿ ಬೊಳ್ಳವ್ವನಿಗೂ ಅದೇ ಅಂಗಡಿಯಿಂದ ಅಂಥದೇ ಹಸಿರು ಪೆಟ್ಟಿಗೆ ತಂದಿದ್ದೆ. ಅವಳು ಹೊರಟಾಗ ಅವ್ವ ಅವಳನ್ನು ತಬ್ಬಿಕೊಂಡು, ಇನ್ನು ನೀನು ಈ ಮನೆಯವಳಲ್ಲ ಮಗಳೇ, ಆ ಮನೆಯವಳು ಎಂದು ಅತ್ತಿದ್ದಳು. ಪೂವಿ ಕಂಬ ಹಿಡಿದುಕೊಂಡು ಅದನ್ನೆಲ್ಲ ನೋಡಿದ್ದಳು. ಆಮೇಲೆ ಬೊಳ್ಳವ್ವ ಬಂದದ್ದು ಎರಡೇ ಸಲ, ಅದೂ ನೆಂಟರ ಹಾಗೆ. ಶಾಲೆಗೆ ಹೋದವರು ರಜೆಗೆ ವಾಪಸು ಬರುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಅವಳಿಗೆ ಹೇಳಿರಲಿಲ್ಲ. ಅವಳನ್ನು ಮನೆಯಿಂದ ತೆಗೆದುಹಾಕುತ್ತಿದ್ದೇವೆ ಎಂದುಕೊಂಡು ಆ ಮಗು ಅಷ್ಟೂ ದಿನ ನಮ್ಮ ನಡುವೆಯೇ ಓಡಾಡಿತ್ತು, ನಾವು ಹೇಳಿದಾಗಲೆಲ್ಲ ಮೊಟ್ಟೆಯನ್ನೂ ತಂದುಕೊಟ್ಟಿತ್ತು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಅವ್ವ ಅಲ್ಲೇ ನೆಲದ ಮೇಲೆ ಕುಳಿತು ಸೆರಗಿನಿಂದ ಕಣ್ಣೊರಸಿಕೊಂಡಳು.

"ಅಯ್ಯೋ ಪೂವೀ, ಅದು ಹಾಗಲ್ಲ, ಶಾಲೆ ಎಂದರೆ" ಎಂದು ನಾನು ಬಾಯಿ ತೆರೆದೆ.

"ಅದೆಲ್ಲ ಬೇಡ. ಕೇಳಿದ್ದಕ್ಕೆ ಉತ್ತರ" ಎಂದರು ಅಜ್ಜ.

"ಜಾಗ ಅವಳದೇ. ಪುತ್ತರಿಗೆ ಅವಳು ಬರದೆ ಕದಿರು ಕೊಯ್ಯುವುದಿಲ್ಲ. ಬಾ ಅಂತೇವೆ."

"ಕೊಟ್ಟೆ ಅನ್ನು."

"ಕೊಟ್ಟೆ."

"ಕೇಳಿಸಲಿಲ್ಲ."

"ಕೊಟ್ಟೆ, ಅಜ್ಜ, ಕೊಟ್ಟೆ!" ಎಂದು ನಾನು ಕೂಗಿದ್ದು ಅಂಗಳದಾಚೆಗೂ ಕೇಳಿಸಿತಂತೆ. ಬಾಗಿಲಿನಲ್ಲಿದ್ದವರು ಏನು ಕೊಟ್ಟರು, ಯಾರಿಗೆ ಕೊಟ್ಟರು ಎಂದು ಹಿಂದಿನವರಿಗೆ ಹೇಳುತ್ತಾ ಹೋಗಿ, ಮಧ್ಯಾಹ್ನದ ಹೊತ್ತಿಗೆ ಊರಿನ ಆ ತುದಿಯಲ್ಲಿ ನಾನು ಮೂಲೆಗದ್ದೆಯನ್ನು ಮಗಳ ಹೆಸರಿಗೆ ಬರೆದುಕೊಟ್ಟ ಸುದ್ದಿಯಾಗಿತ್ತು.

ಪೂವಿಯ ಮುಖ ಅರಳಿತು. ಆದರೆ ಅವಳು ಅಲ್ಲಿಗೆ ಬಿಡಲಿಲ್ಲ. ಗಾಳಿ ತನ್ನ ಕಡೆ ಬೀಸುತ್ತಿದೆ ಎಂದು ಗೊತ್ತಾದ ಮೇಲೆ ಅಜ್ಜನ ಕುಪ್ಯದ ತುದಿ ಎಳೆದು ಕಿವಿಯಲ್ಲಿ ಏನೋ ಹೇಳಿದಳು. "ಇನ್ನೂ ಎರಡುಂಟು" ಎಂದರು ಅಜ್ಜ. ಒಂದು, ಅವಳು ಇಲ್ಲದಾಗ ಕರಿಕೋಳಿ ಸಾರಿಗೆ ಹೋಗಬಾರದು. ನೆಂಟರು ಬರಲಿ, ಹಬ್ಬ ಬರಲಿ, ದೊರೆಯೇ ಊಟಕ್ಕೆ ಬರಲಿ. ಅದಕ್ಕೂ ಕೊಟ್ಟೆ ಎಂದೆ. ಎರಡನೆಯದು, ಚೆಂಗಪ್ಪಜ್ಜನಿಗೆ ಮಗನ ಕಾಗದ ಓದುವ ಕೆಲಸ ಇನ್ನು ಮೇಲೆ ನನ್ನದು, ಪ್ರತಿ ಭಾನುವಾರ.

"ಹೋ, ಅಲ್ಲಿಗೆ ಬಂತು! ಅರುವರಿಗೂ ಇದರಲ್ಲಿ ಲಾಭ ಉಂಟು" ಎಂದೆ. ಒಂದಾದರೂ ಗೆಲ್ಲುವ ಆಸೆ ನನಗೆ.

ಅಜ್ಜ ರುಮಾಲು ಸರಿಮಾಡಿಕೊಂಡರು. "ಈ ಕುಂಞಿ ಹೋದರೆ ನನಗೆ ಕಾಗದ ಓದುವವರಿಲ್ಲ, ನೀನು ಹೋಗಬೇಡ ಅಂತ ನಾನು ಹೇಳಬಹುದಿತ್ತು ಮಾದಪ್ಪ. ಹೇಳಲಿಲ್ಲ. ನಿನಗೆ ಹೋಗ್ಲಿಕ್ಕೆ ಇಷ್ಟವಾ ಅಂತ ಕೇಳಿದೆ. ಇದು ಅವಳು ಕೇಳುದು, ನಾನಲ್ಲ." ನಾನು ನಾಲ್ಕನೆಯ ಸಲ ಕೊಟ್ಟೆ ಎಂದೆ.

ಪೂವಿ ಪೆಟ್ಟಿಗೆ ಹಿಡಿದುಕೊಂಡು ನಗುನಗುತ್ತಾ ಮರ್ಕೆರಾಕ್ಕೆ ಹೋದಳು. ಅವಳನ್ನು ಬಿಟ್ಟುಬಂದ ದಿನ ಗೋಡೆಯ ಹತ್ತಿರದ ಖಾಲಿ ಜಾಗದಲ್ಲಿ ಅವಳ ಕಂಬಳಿಯನ್ನು ಅವ್ವ ಮಡಚಿಟ್ಟಿದ್ದನ್ನು ನೋಡಿ ಅತ್ತವನು ನಾನು. ಭಾನುವಾರಗಳು ಗದ್ದೆಯಾಚೆ ಕಳೆದವು. ನಾನು ಮೊದಲ ಕಾಗದ ಓದಿ ಮುಗಿಸಿದಾಗ ಚೆಂಗಪ್ಪಜ್ಜ ಕಾಗದವನ್ನು ವಾಪಸು ತೆಗೆದುಕೊಂಡು, "ನೀನು ಮಸ್ಟರ್ ಕರೆದ ಹಾಗೆ ಓದ್ತೀಯ. ಕುಂಞಿ ಓದಿದರೆ ಮಗ ಬಂದು ಎದುರು ಕೂತ ಹಾಗೆ ಆಗ್ತಿತ್ತು" ಎಂದರು. ಪ್ರತಿ ಕಾಗದವನ್ನೂ ನನ್ನಿಂದ ಎರಡು ಸಲ ಓದಿಸುತ್ತಿದ್ದರು. ನಾನು ಮನೆಯಲ್ಲಿ ಮಗಳ ಮಾತನ್ನೂ ಕೇಳುವವನು ಎಂದು ಎಸ್ಟೇಟಿನಲ್ಲಿ ಹೆಸರಾಯಿತು. ಅದನ್ನು ನಾನು ಅಲ್ಲಗಳೆಯಲಿಲ್ಲ.

ಪುತ್ತರಿಯ ರಜೆಗೆ ಪೂವಿ ಬಂದಳು. ಮಾತು ಕೊಟ್ಟಂತೆ ಜಾಗ ಇತ್ತು, ಕರಿಕೋಳಿಯೂ ಇತ್ತು, ಬಾ ಎಂದು ಬಾಗಿಲು ತೆಗೆದವನೂ ನಾನೇ. ಅದೇ ವಾರ ದೊರೆ ನನ್ನನ್ನು ಕರೆದು, ತಿತಿಮತಿಯ ಕಡೆ ಹೊಸ ತೋಟ ಎಬ್ಬಿಸುತ್ತಿದ್ದೇನೆ, ನೀನು ಒಂದು ವರ್ಷ ಅಲ್ಲಿಗೆ ಹೋಗು ಎಂದು ಹೇಳಿ ನಾಯಿಯ ಜೊತೆ ಹೊರಟುಹೋದ. ಕಾಡಿನಂಚು, ಆನೆಯ ಕಾಟ, ಚಳಿಜ್ವರ. ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಯಾರಾದರೂ ಬೇಡ ಎಂದಾರು, ಅದನ್ನೇ ದೊರೆಗೆ ಹೇಳಬಹುದು ಎಂದು ಆಸೆಪಟ್ಟೆ. ಸಂಜೆ ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದು ಮುಟ್ಟಿತ್ತು. ಜಗಲಿಯಲ್ಲಿ ಅವ್ವ, ಹೆಂಡತಿ, ಪೂವಿ ಕುಳಿತಿದ್ದರು, ಪಕ್ಕದಲ್ಲಿ ಚೆಂಗಪ್ಪಜ್ಜ. ನಾನು ಒಂಟಿಯಾಗಿ ಹೋಗುವುದೇ ಸರಿ ಎಂದು ಆಗಲೇ ಇತ್ಯರ್ಥವಾಗಿತ್ತು; ಎಷ್ಟು ಕಂಬಳಿ ಕೊಡಬೇಕು ಎಂಬ ಮಾತು ನಡೆದಿತ್ತು. "ಅಪ್ಪನಿಗೆ ನನ್ನ ಪೆಟ್ಟಿಗೆ ಕೊಡ್ತೇನೆ, ಬೀಗ ಗಟ್ಟಿ ಉಂಟು" ಎನ್ನುತ್ತಿದ್ದಳು ಪೂವಿ.

ಜಗಲಿಯ ಮೂಲೆಯಲ್ಲಿದ್ದ ನನ್ನ ಕುರ್ಚಿಯ ಕಡೆ ಕಣ್ಣು ಹೋಯಿತು. ಅದರ ಮೇಲೆ ಆಗಲೇ ಯಾರೋ ಮೆಣಸಿನಕಾಯಿ ಒಣಗಿಸುವ ಮೊರ ಇಟ್ಟಿದ್ದರು. "ನನ್ನದೊಂದು ಮಾತುಂಟು" ಎಂದೆ. ನಾಲ್ವರೂ ದನಿ ತಗ್ಗಿಸಿ ನನ್ನ ಕಡೆ ತಿರುಗಿದರು.

"ಅಪ್ಪಾ," ಎಂದಳು ಪೂವಿ, ತುಂಬಾ ಪ್ರೀತಿಯಿಂದಲೇ, "ಕರಿಕೋಳಿ ಮೊಟ್ಟೆ ಇಟ್ಟಿದೆಯಾ ನೋಡಿಕೊಂಡು ಬಾ."

ಚೆಂಗಪ್ಪಜ್ಜನ ಕಡೆ ನೋಡಿದೆ. ಅವರು ಮಾಡಿನ ತೊಲೆಯನ್ನು ನೋಡುತ್ತಿದ್ದರು. ನಾನು ಹೋದೆ. ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. ಕರಿಕೋಳಿ ನನ್ನನ್ನು ಒಮ್ಮೆ ನೋಡಿ, ಹಕ್ಕು ಪಡೆದವರ ನಿಶ್ಚಿಂತೆಯಿಂದ ಪಕ್ಕಕ್ಕೆ ಸರಿಯಿತು. ಮೊಟ್ಟೆ ಇತ್ತು, ಇನ್ನೂ ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡು, ನನ್ನ ಪರವಾಗಿ ಮಾತಾಡುವುದಕ್ಕೆ ಯಾರನ್ನು ಕರೆತರಲಿ ಎಂದು ಬಹಳ ಹೊತ್ತು ಯೋಚಿಸಿದೆ. ಇದ್ದ ಒಬ್ಬ ಅರುವರು ಆ ಕಡೆ ಕುಳಿತಿದ್ದರು. ಕೊನೆಗೆ ಎದ್ದು ಜಗಲಿಗೆ ಬಂದು, "ಇಟ್ಟಿದೆ" ಎಂದೆ.

"ಒಳ್ಳೇದು," ಎಂದಳು ನನ್ನ ಅವ್ವ, ತಲೆಯೆತ್ತದೆ. "ಇನ್ನೊಂದು ಇಡ್ತದಾ ನೋಡು, ಹೋಗು."